ತ್ರಾಪಿಜ್ಯದ ವಿಲೋಮ ಲೆಕ್ಕ: ರಚನೆಯ ಸಾಲಿಗೇ ಯಾಕೆ ಕೆಂಪು ಗೀಟು?

ಹತ್ತನೇ_ಬಿ_ಸೆಕ್ಷನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಎಲ್‌ಸಿ ತ್ರಿಭುಜಗಳ ಪಾಠದ ಹೋಂವರ್ಕ್. ಲೆಕ್ಕ ಇದು:

ಎಬಿಸಿಡಿ ಚತುರ್ಭುಜದ ಕರ್ಣಗಳು ಓ ಬಿಂದುವಿನಲ್ಲಿ ಪರಸ್ಪರ ಛೇದಿಸುತ್ತವೆ. ಎಓ/ಬಿಓ = ಸಿಓ/ಡಿಓ ಆದರೆ, ಎಬಿಸಿಡಿ ತ್ರಾಪಿಜ್ಯ ಎಂದು ಸಾಧಿಸಿ.

ಫೋನಿನಲ್ಲಿ ಕನ್ನಡ ಕೀಬೋರ್ಡ್ ಇರುವುದರಿಂದ ಬಿಂದುಗಳ ಹೆಸರೂ ಕನ್ನಡದಲ್ಲೇ. ತ್ರಾಪಿಜ್ಯ ಅಂದರೆ ಒಂದು ಜೊತೆ ಅಭಿಮುಖ ಬಾಹು ಸಮಾಂತರವಾಗಿರುವ ಚತುರ್ಭುಜ. ಎಸಿ ಒಂದು ಕರ್ಣ, ಬಿಡಿ ಇನ್ನೊಂದು. "ಬಿಡಿ" ಅಂತ ಕಂಡಲ್ಲೆಲ್ಲ ಬಿಟ್ಟುಬಿಡಬೇಡಿ, ಅದು ಕರ್ಣ!

ನಾನು ಬರೆದದ್ದು (ಥೇಲ್ಸ್ ಪ್ರಮೇಯ ಅಂದರೆ ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು):

ರಚನೆ: ಓ ಮೂಲಕ ಎಬಿ ಮತ್ತು ಡಿಸಿಗೆ ಸಮಾಂತರವಾಗಿ ಇಓ ಎಳೆದಿದೆ. ಇ ಬಿಂದು ಎಡಿ ಬಾಹುವಿನ ಮೇಲಿದೆ.
△ಎಡಿಸಿಯಲ್ಲಿ ಇಓ ∥ ಡಿಸಿ. ಆದ್ದರಿಂದ ಎಇ/ಇಡಿ = ಎಓ/ಓಸಿ (ಥೇಲ್ಸ್ ಪ್ರಮೇಯ)
△ಎಬಿಡಿಯಲ್ಲಿ ಇಓ ∥ ಎಬಿ. ಆದ್ದರಿಂದ ಎಇ/ಇಡಿ = ಬಿಓ/ಓಡಿ (ಥೇಲ್ಸ್ ಪ್ರಮೇಯ)
ಎರಡರಿಂದ ಎಓ/ಓಸಿ = ಬಿಓ/ಓಡಿ, ಅಂದರೆ ಎಓ/ಬಿಓ = ಸಿಓ/ಡಿಓ
ಇದು ದತ್ತಕ್ಕೆ ಸರಿಹೊಂದುತ್ತದೆ. ಆದ್ದರಿಂದ ಎಬಿ ∥ ಡಿಸಿ. ಎಬಿಸಿಡಿ ತ್ರಾಪಿಜ್ಯ.

ರಚನೆಯ ಸಾಲಿಗೇ ಕೆಂಪು ಗೀಟು ಬಿದ್ದಿದೆ. ಪಕ್ಕದಲ್ಲಿ "ದತ್ತ ಎಲ್ಲಿ ಬಳಸಿದೆ?" ಅಂತ ಬರೆದಿದ್ದಾರೆ. ಕೊನೆ ಸಾಲಿನಲ್ಲಿ ಬಳಸಿದ್ದೇನಲ್ಲ?

ಪಕ್ಕದ ಬೆಂಚಿನವಳು ಥೇಲ್ಸ್ ಮುಟ್ಟಲೇ ಇಲ್ಲ. △ಎಓಬಿ, △ಡಿಓಸಿಗಳಲ್ಲಿ ∠ಎಓಬಿ = ∠ಡಿಓಸಿ, ಬಾಹುಗಳು ಸಮಾನುಪಾತದಲ್ಲಿವೆ, ಆದ್ದರಿಂದ △ಎಓಬಿ ~ △ಡಿಓಸಿ, ಆದ್ದರಿಂದ ∠ಓಎಬಿ = ∠ಓಡಿಸಿ, ಇವು ಪರ್ಯಾಯ ಕೋನಗಳು, ಆದ್ದರಿಂದ ಎಬಿ ∥ ಡಿಸಿ ಎಂದು ಮುಗಿಸಿದ್ದಾಳೆ. ಅವಳಿಗೂ ಅರ್ಧ ಅಂಕವೇ. ಇಬ್ಬರದ್ದೂ ಉತ್ತರ ಸರಿಯಾಗೇ ಬಂದಿದೆ, ತಪ್ಪು ಎಲ್ಲಿ?

---

ಕೈವಾರ

ಮೊದಲು ನಿನ್ನದನ್ನೇ ನೋಡೋಣ. ಒಂದು ಪರೀಕ್ಷೆ ಮಾಡು. ಪ್ರಶ್ನೆಯಲ್ಲಿರುವ "ಎಓ/ಬಿಓ = ಸಿಓ/ಡಿಓ" ಅನ್ನುವುದನ್ನು ಬೆರಳಿನಿಂದ ಮುಚ್ಚಿ, ನಿನ್ನ ಸಾಧನೆಯನ್ನು ಮೇಲಿನಿಂದ ಓದುತ್ತಾ ಬಾ. ನಾಲ್ಕನೇ ಸಾಲಿನವರೆಗೆ ಎಲ್ಲೂ ಮುಗ್ಗರಿಸುವುದಿಲ್ಲ, ಎಲ್ಲ ಸಾಲೂ ಹಾಗೇ ನಿಲ್ಲುತ್ತವೆ. ಎಬಿ ∥ ಡಿಸಿ ಅನ್ನುವುದಂತೂ ರಚನೆಯ ಸಾಲಿನಲ್ಲೇ ಒಳಗೆ ಬಂದಾಗಿದೆ. ಅಂದರೆ ದತ್ತವೇ ಇಲ್ಲದೆ, ಯಾವ ಚತುರ್ಭುಜ ಕೊಟ್ಟರೂ ನಿನ್ನ ಬರಹ ಅದನ್ನು ತ್ರಾಪಿಜ್ಯ ಮಾಡಿಬಿಡುತ್ತದೆ! "ದತ್ತ ಎಲ್ಲಿ ಬಳಸಿದೆ?" ಅಂತ ಕೇಳಿದ್ದು ಅದಕ್ಕೇ. "ದತ್ತಕ್ಕೆ ಸರಿಹೊಂದುತ್ತದೆ" ಅನ್ನುವುದು ದತ್ತವನ್ನು ಬಳಸಿದಂತಲ್ಲ, ತಾಳೆ ನೋಡಿದಂತೆ ಅಷ್ಟೇ.

ರಚನೆಯ ಸಾಲು ಯಾಕೆ ನಡೆಯುವುದಿಲ್ಲ? ಒಂದು ಬಿಂದುವಿನ ಮೂಲಕ ರೇಖೆ ಎಳೆಯುವಾಗ ನಿನ್ನ ಕೈಯಲ್ಲಿರುವುದು ಅದರ ದಿಕ್ಕು ಮಾತ್ರ. "ಎಬಿಗೆ ಸಮಾಂತರ" ಎಂದ ಕೂಡಲೇ ದಿಕ್ಕು ನಿಗದಿಯಾಯಿತು. ಓ ಮೂಲಕ ಎಬಿಗೆ ಸಮಾಂತರವಾಗಿ ಒಂದೇ ಒಂದು ರೇಖೆ ಇರುವುದು. ಅದೇ ರೇಖೆ ಡಿಸಿಗೂ ಸಮಾಂತರವಾಗುತ್ತದೋ ಇಲ್ಲವೋ ಎಂಬುದು ನಿನ್ನ ಇಷ್ಟಕ್ಕೆ ಬಿಟ್ಟದ್ದಲ್ಲ, ಚತುರ್ಭುಜಕ್ಕೆ ಬಿಟ್ಟದ್ದು. ಎರಡಕ್ಕೂ ಸಮಾಂತರ ಎಂದು ಬರೆದ ಕ್ಷಣವೇ "ಎಬಿ ∥ ಡಿಸಿ" ಅಂತ ಒಪ್ಪಿಕೊಂಡ ಹಾಗಾಯಿತು. ಸಾಧಿಸಬೇಕಾದದ್ದೇ ಅದು.

ಇನ್ನೊಂದು ವಿಷಯ: ನೀನು ಬರೆದದ್ದು ತಪ್ಪು ಗಣಿತ ಅಲ್ಲ, ಬೇರೆ ಲೆಕ್ಕದ ಉತ್ತರ. ಇದರ ಹಿಂದಿನ ಲೆಕ್ಕ ನೋಡು: "ಎಬಿ ∥ ಡಿಸಿ ಆಗಿರುವ ತ್ರಾಪಿಜ್ಯದಲ್ಲಿ ಎಓ/ಬಿಓ = ಸಿಓ/ಡಿಓ ಎಂದು ತೋರಿಸಿ." ಅದಕ್ಕೆ ನಿನ್ನ ನಾಲ್ಕು ಸಾಲು ಪೂರ್ಣ ಉತ್ತರ. ಎರಡೂ ಲೆಕ್ಕಕ್ಕೆ ಚಿತ್ರ ಒಂದೇ, ಅಕ್ಷರ ಒಂದೇ, ಇಓ ರೇಖೆಯೂ ಒಂದೇ. ಹಾಗಾಗಿ ಹಿಂದಿನದನ್ನು ಬಾಯಿಪಾಠ ಮಾಡಿಕೊಂಡವರು ಇಲ್ಲಿ ತಪ್ಪದೆ ಬೀಳುತ್ತಾರೆ.

ಈಗ ಸರಿಯಾದದ್ದು. ರಚನೆಯಲ್ಲಿ ಒಂದನ್ನು ಮಾತ್ರ ಕೇಳು, ಇನ್ನೊಂದನ್ನು ದುಡಿದು ಗಳಿಸು.

ದತ್ತ: ಎಬಿಸಿಡಿ ಚತುರ್ಭುಜ. ಕರ್ಣಗಳಾದ ಎಸಿ, ಬಿಡಿ ಓ ಬಿಂದುವಿನಲ್ಲಿ ಛೇದಿಸುತ್ತವೆ. ಎಓ/ಬಿಓ = ಸಿಓ/ಡಿಓ.
ಸಾಧನೀಯ: ಎಬಿಸಿಡಿ ತ್ರಾಪಿಜ್ಯ, ಅಂದರೆ ಎಬಿ ∥ ಡಿಸಿ.
ರಚನೆ: ಓ ಮೂಲಕ ಎಬಿಗೆ ಸಮಾಂತರವಾಗಿ ರೇಖೆ ಎಳೆ. ಅದು ಎಡಿಯನ್ನು ಇ ಬಿಂದುವಿನಲ್ಲಿ ಛೇದಿಸಲಿ. (ಡಿಸಿಯ ಹೆಸರನ್ನೇ ಎತ್ತಬೇಡ.)
ಸಾಧನೆ:
1. △ಎಬಿಡಿಯಲ್ಲಿ ಇಓ ∥ ಎಬಿ (ರಚನೆ). ಆದ್ದರಿಂದ ಎಇ/ಇಡಿ = ಬಿಓ/ಓಡಿ (ಥೇಲ್ಸ್ ಪ್ರಮೇಯ).
2. ಎಓ/ಬಿಓ = ಸಿಓ/ಡಿಓ (ದತ್ತ). ಆದ್ದರಿಂದ ಎಓ/ಸಿಓ = ಬಿಓ/ಡಿಓ.
3. 1 ಮತ್ತು 2ರಿಂದ ಎಇ/ಇಡಿ = ಎಓ/ಓಸಿ.
4. △ಎಡಿಸಿಯಲ್ಲಿ ಇ ಬಿಂದು ಎಡಿ ಮೇಲೆ, ಓ ಬಿಂದು ಎಸಿ ಮೇಲೆ ಇದ್ದು ಎಇ/ಇಡಿ = ಎಓ/ಓಸಿ. ಆದ್ದರಿಂದ ಇಓ ∥ ಡಿಸಿ (ಥೇಲ್ಸ್ ಪ್ರಮೇಯದ ವಿಲೋಮ).
5. ಇಓ ∥ ಎಬಿ, ಇಓ ∥ ಡಿಸಿ. ಒಂದೇ ರೇಖೆಗೆ ಸಮಾಂತರವಾಗಿರುವ ರೇಖೆಗಳು ಪರಸ್ಪರ ಸಮಾಂತರ. ಆದ್ದರಿಂದ ಎಬಿ ∥ ಡಿಸಿ.

ನಿನ್ನದಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ 4ನೇ ಸಾಲಿನಲ್ಲಿದೆ. △ಎಡಿಸಿಯಲ್ಲಿ ನೀನು ಸಮಾಂತರದಿಂದ ಅನುಪಾತಕ್ಕೆ ಹೋದೆ, ಇಲ್ಲಿ ಅನುಪಾತದಿಂದ ಸಮಾಂತರಕ್ಕೆ ಬಂದಿದ್ದೇವೆ. ಅದಕ್ಕೇ ಕಾರಣದಲ್ಲಿ "ವಿಲೋಮ" ಅನ್ನುವ ಪದ ಬಿಡಬಾರದು. ಬರೀ "ಥೇಲ್ಸ್" ಅಂತ ಬರೆದರೆ ಆ ಸಾಲಿನ ಅಂಕ ಹೋಗುತ್ತದೆ, ಹೋಗಲೇಬೇಕು.

ಅನುಪಾತ ಬರೆಯುವಾಗಲೂ ಎಚ್ಚರ. 1ನೇ ಸಾಲಿನಲ್ಲಿ ಎಡಿ ಮೇಲೆ ಎ ಕಡೆಯ ತುಂಡು ಮೇಲಿದ್ದರೆ, ಬಿಡಿ ಮೇಲೆ ಬಿ ಕಡೆಯ ತುಂಡು ಮೇಲಿರಬೇಕು. ಎರಡೂ ಎಬಿ ಬಾಹುವನ್ನು ಮುಟ್ಟುವ ತುಂಡುಗಳು. ಎಇ/ಇಡಿ = ಡಿಓ/ಓಬಿ ಅಂತ ಒಂದನ್ನು ತಲೆಕೆಳಗೆ ಬರೆದವರು 3ನೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು, ಆಮೇಲೆ ಹೇಗೋ ಎಳೆದು ಸರಿಮಾಡುತ್ತಾರೆ. ಪೇಪರ್ ತಿದ್ದುವವರ ಕಣ್ಣಿಗೆ ಆ ಎಳೆದಾಟ ಮೊದಲು ಬೀಳುತ್ತದೆ.

---

ಮೂಲೆಮಟ್ಟ

ಗೆಳತಿಯ ಸಾಧನೆಯ ಬಗ್ಗೆ ಹೇಳುತ್ತೇನೆ. ದಾರಿ ಸರಿಯಾಗಿದೆ, ನಿಜ ಹೇಳಬೇಕೆಂದರೆ ನಿಮ್ಮದಕ್ಕಿಂತ ಚಿಕ್ಕ ದಾರಿ. ಕೆಟ್ಟಿರುವುದು ಅಕ್ಷರಗಳ ಕ್ರಮ.

△ಎಓಬಿ ~ △ಡಿಓಸಿ ಎಂದು ಬರೆದರೆ ಎ ಶೃಂಗಕ್ಕೆ ಡಿ, ಬಿ ಶೃಂಗಕ್ಕೆ ಸಿ ಜೋಡಿ ಎಂದರ್ಥ. ಆಗ ಬೇಕಾಗುವ ಅನುಪಾತ ಎಓ/ಡಿಓ = ಬಿಓ/ಸಿಓ. ದತ್ತದಲ್ಲಿ ಇರುವುದು ಅದಲ್ಲ. ದತ್ತವನ್ನು ಅಡ್ಡ ಗುಣಾಕಾರ ಮಾಡಿದರೆ ಎಓ × ಡಿಓ = ಬಿಓ × ಸಿಓ. ಅವರಿಗೆ ಬೇಕಾಗಿದ್ದದ್ದು ಎಓ × ಸಿಓ = ಬಿಓ × ಡಿಓ. ಎರಡೂ ಬೇರೆ ಬೇರೆ ಸಂಗತಿ.

ಮಾತಿಗಿಂತ ಅಳತೆ ಬೇಗ ಅರ್ಥವಾಗುತ್ತದೆ. ಹಾಳೆಯ ಮೇಲೆ 60° ಕೋನದಲ್ಲಿ ಛೇದಿಸುವ ಎರಡು ರೇಖೆ ಎಳೆಯಿರಿ. ಛೇದನ ಬಿಂದು ಓ. ಒಂದು ರೇಖೆಯ ಮೇಲೆ ಎಓ = 4 ಸೆಂ.ಮೀ, ಎದುರು ಬದಿಗೆ ಸಿಓ = 2 ಸೆಂ.ಮೀ. ಇನ್ನೊಂದರ ಮೇಲೆ ಬಿಓ = 6 ಸೆಂ.ಮೀ, ಎದುರು ಬದಿಗೆ ಡಿಓ = 3 ಸೆಂ.ಮೀ. ∠ಎಓಬಿ 60° ಇರುವಂತೆ ಬಿ ಬಿಂದುವನ್ನು ಆರಿಸಿಕೊಳ್ಳಿ. 4/6 = 2/3, ಆದ್ದರಿಂದ ದತ್ತ ಸರಿಯಾಗಿದೆ. ಈಗ ಎಬಿ, ಡಿಸಿ ಸೇರಿಸಿ ಅಳೆಯಿರಿ. ಎಬಿ ಸುಮಾರು 5.3 ಸೆಂ.ಮೀ, ಡಿಸಿ ಅದರ ಅರ್ಧ. ಕೋನಮಾಪಕ ಇಟ್ಟರೆ ∠ಓಎಬಿ ಸುಮಾರು 79°, ∠ಓಸಿಡಿಯೂ 79°. ಆದರೆ ∠ಓಡಿಸಿ ಸುಮಾರು 41°. ಅವರ ಸಾಧನೆಯ ಪ್ರಕಾರ 79 = 41 ಆಗಬೇಕಿತ್ತು!

ಇದು ತರಗತಿಯಲ್ಲಿ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ ಚಿತ್ರ. ತ್ರಾಪಿಜ್ಯ ಬರೆಯಿರಿ ಎಂದರೆ ಎಲ್ಲರೂ ಎರಡೂ ಓರೆ ಬಾಹು ಸಮವಾಗಿರುವ ಅಂದವಾದ ತ್ರಾಪಿಜ್ಯವನ್ನೇ ಬರೆಯುತ್ತಾರೆ. ಅದರಲ್ಲಿ ಎಓ = ಬಿಓ, ಸಿಓ = ಡಿಓ. ∠ಓಎಬಿ, ∠ಓಬಿಎ, ∠ಓಸಿಡಿ, ∠ಓಡಿಸಿ ನಾಲ್ಕೂ ಒಂದೇ ಅಳತೆ. ಅಕ್ಷರ ಅದಲುಬದಲಾದರೂ ಎಲ್ಲ ಸರಿಯೆಂದೇ ಕಾಣುತ್ತದೆ. ಬೇಕೆಂದೇ ಸೊಟ್ಟ ಚಿತ್ರ ಬರೆಯಿರಿ. ಒಂದು ಕರ್ಣ 6, ಇನ್ನೊಂದು 9, ಮೇಲೆ ಹೇಳಿದ ಹಾಗೆ. ಸೊಟ್ಟ ಚಿತ್ರದಲ್ಲಿ ತಪ್ಪು ತಾನಾಗಿ ಎದ್ದು ಕಾಣುತ್ತದೆ.

ಎರಡನೇ ತಪ್ಪು ಇದರ ಬೆನ್ನಿಗೇ ಇದೆ. ∠ಓಎಬಿ, ∠ಓಡಿಸಿ ಪರ್ಯಾಯ ಕೋನಗಳೇ ಅಲ್ಲ. ಪರ್ಯಾಯ ಕೋನಗಳಿಗೆ ಒಂದೇ ಛೇದಕ ಇರಬೇಕು. ∠ಓಎಬಿಯ ಒಂದು ಭುಜ ಎಸಿ ಮೇಲಿದೆ, ∠ಓಡಿಸಿಯ ಒಂದು ಭುಜ ಬಿಡಿ ಮೇಲಿದೆ. ಛೇದಕವೇ ಬೇರೆ. ಎಸಿ ಛೇದಕವಾದಾಗ ಜೋಡಿ ∠ಓಎಬಿ ಮತ್ತು ∠ಓಸಿಡಿ. ಕೋನದ ಹೆಸರಿನಲ್ಲಿ ಓ, ಎ, ಸಿ ಬಂದವೇ ನೋಡಿ. ಮೂರೂ ಎಸಿ ಮೇಲಿನ ಬಿಂದುಗಳು.

ಸರಿಪಡಿಸಿದ ಸಾಧನೆ ನಾಲ್ಕೇ ಸಾಲು:

△ಎಓಬಿ ಮತ್ತು △ಸಿಓಡಿಗಳಲ್ಲಿ
ಎಓ/ಸಿಓ = ಬಿಓ/ಡಿಓ (ದತ್ತದಿಂದ)
∠ಎಓಬಿ = ∠ಸಿಓಡಿ (ಶೃಂಗಾಭಿಮುಖ ಕೋನಗಳು)
ಆದ್ದರಿಂದ △ಎಓಬಿ ~ △ಸಿಓಡಿ (ಬಾ.ಕೋ.ಬಾ., ಅಂದರೆ ಬಾಹು-ಕೋನ-ಬಾಹು ಸಮರೂಪತೆ). ಆದ್ದರಿಂದ ∠ಓಎಬಿ = ∠ಓಸಿಡಿ. ಎಬಿ, ಡಿಸಿಗಳಿಗೆ ಎಸಿ ಛೇದಕವಾದಾಗ ಇವು ಪರ್ಯಾಯ ಕೋನಗಳು. ಆದ್ದರಿಂದ ಎಬಿ ∥ ಡಿಸಿ.

---

ಹತ್ತನೇ_ಬಿ_ಸೆಕ್ಷನ್

ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. 79 = 41 ನೋಡಿ ಅವಳೂ ನಕ್ಕಳು. ಮೂರು ಸಂದೇಹ ಉಳಿದಿವೆ.

1. ಎಓ/ಬಿಓ = ಸಿಓ/ಡಿಓ ಇಂದ ಎಓ/ಸಿಓ = ಬಿಓ/ಡಿಓ ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಹಾಗೆ ಅದಲುಬದಲು ಮಾಡಬಹುದಾ?
2. ಎಡಿ ∥ ಬಿಸಿ ಕೂಡ ಆಗಿಬಿಟ್ಟರೆ? ಆಗ ಅದು ಸಮಾಂತರ ಚತುರ್ಭುಜ ಅಲ್ವಾ, ತ್ರಾಪಿಜ್ಯ ಹೇಗಾಗುತ್ತದೆ?
3. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?

---

ಪಿಯುಸಿ_ಪಿಸಿಎಂ

1: ಮಾಡಬಹುದು, ಅಡ್ಡ ಗುಣಾಕಾರ ಅಷ್ಟೇ. ಎಓ/ಬಿಓ = ಸಿಓ/ಡಿಓ ಅಂದರೆ ಎಓ × ಡಿಓ = ಬಿಓ × ಸಿಓ. ಎರಡೂ ಬದಿಯನ್ನು ಸಿಓ × ಡಿಓ ಇಂದ ಭಾಗಿಸು. ಎಡಗಡೆ ಡಿಓ ಹೋಗಿ ಎಓ/ಸಿಓ, ಬಲಗಡೆ ಸಿಓ ಹೋಗಿ ಬಿಓ/ಡಿಓ. ನೆನಪಿಟ್ಟುಕೊಳ್ಳಲು: ಓರೆಯಾಗಿ ಎದುರುಬದುರು ಇರುವ ಜೋಡಿ (ಎಓ ಜೊತೆ ಡಿಓ, ಬಿಓ ಜೊತೆ ಸಿಓ) ಒಡೆಯಬಾರದು. ಬಿಓ, ಸಿಓ ಜಾಗ ಅದಲುಬದಲಾದರೆ ಜೋಡಿ ಒಡೆಯುವುದಿಲ್ಲ. ಸಿಓ, ಡಿಓ ಅದಲುಬದಲು ಮಾಡಿದರೆ ಒಡೆಯುತ್ತದೆ. ನಿನ್ನ ಫ್ರೆಂಡ್‌ಗೆ ಬೇಕಾಗಿದ್ದ ಎಓ × ಸಿಓ = ಬಿಓ × ಡಿಓ ಬರುವುದು ಆ ಎರಡನೇ ಥರ ಮಾಡಿದಾಗ, ಅದು ದತ್ತದಲ್ಲಿ ಇಲ್ಲ.

ಅಂದಹಾಗೆ ಅವಳ ಅನುಪಾತ ಯಾವುದಕ್ಕೂ ಬಾರದ್ದೇನಲ್ಲ. ಎಓ × ಸಿಓ = ಬಿಓ × ಡಿಓ ಆದರೆ ಎ, ಬಿ, ಸಿ, ಡಿ ನಾಲ್ಕೂ ಒಂದೇ ವೃತ್ತದ ಮೇಲಿರುತ್ತವೆ, ಅಂದರೆ ಚಕ್ರೀಯ ಚತುರ್ಭುಜ. ಎರಡೂ ಅನುಪಾತ ಒಟ್ಟಿಗೆ ಇದ್ದರೆ ಎಓ = ಬಿಓ, ಸಿಓ = ಡಿಓ ಬರುತ್ತದೆ. ಅದು ಮೂಲೆಮಟ್ಟ ಸರ್ ಹೇಳಿದ ಅಂದವಾದ ತ್ರಾಪಿಜ್ಯ. ಆ ಚಿತ್ರ ಯಾಕೆ ಮೋಸ ಮಾಡುತ್ತದೆ ಅಂತ ಇದರಿಂದಲೂ ಗೊತ್ತಾಗುತ್ತದೆ.

2: ಎನ್‌ಸಿಇಆರ್‌ಟಿಯ ಹಳೆಯ 9ನೇ ತರಗತಿ ಪುಸ್ತಕದಲ್ಲಿ ಸಮಾಂತರ ಚತುರ್ಭುಜವೂ ಒಂದು ತ್ರಾಪಿಜ್ಯವೇ ಅಂತ ಇತ್ತು. ಒಂದು ಜೊತೆ ಅಭಿಮುಖ ಬಾಹು ಸಮಾಂತರವಾಗಿದ್ದರೆ ಸಾಕು. ಕರ್ಣಗಳು ಅರ್ಧಿಸಿದಾಗ ಎಓ = ಸಿಓ, ಬಿಓ = ಡಿಓ, ಆಗಲೂ ದತ್ತ ನಿಲ್ಲುತ್ತದೆ. ಹಾಗಾಗಿ ಆ ಸಂದರ್ಭವನ್ನು ಬೇರೆ ತೆಗೆದು ಚರ್ಚಿಸಬೇಕಾಗಿಲ್ಲ.

ಮೂರನೇ ದಾರಿಯೂ ಇದೆ, ಅನುಪಾತದ ಗೊಡವೆಯೇ ಇಲ್ಲ. ಎಓ × ಡಿಓ = ಬಿಓ × ಸಿಓ ಅನ್ನುವುದನ್ನೇ ನೋಡು. ∠ಎಓಡಿ = ∠ಬಿಓಸಿ. ಒಂದು ಕೋನ ಸಮವಾಗಿದ್ದು, ಅದನ್ನು ಸುತ್ತಿದ ಎರಡು ಬಾಹುಗಳ ಗುಣಲಬ್ಧವೂ ಸಮವಾಗಿದ್ದರೆ ತ್ರಿಭುಜಗಳ ವಿಸ್ತೀರ್ಣ ಸಮ. ಆದ್ದರಿಂದ △ಎಓಡಿ, △ಬಿಓಸಿ ಸಮ ವಿಸ್ತೀರ್ಣದವು. ಎರಡಕ್ಕೂ △ಎಓಬಿ ಸೇರಿಸು: △ಎಬಿಡಿ, △ಎಬಿಸಿ ವಿಸ್ತೀರ್ಣ ಸಮ. ಎರಡಕ್ಕೂ ಪಾದ ಎಬಿ. ಆದ್ದರಿಂದ ಎತ್ತರ ಸಮ, ಆದ್ದರಿಂದ ಡಿಸಿ ∥ ಎಬಿ. ಮುಗಿಯಿತು.

---

ಕೈವಾರ

ವಿಸ್ತೀರ್ಣದ ಸಾಧನೆ ಚೆನ್ನಾಗಿದೆ, ಆದರೆ ಕೊನೆಯ ಹೆಜ್ಜೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಒಂದೇ ಪಾದ, ಸಮ ಎತ್ತರ ಎಂದಷ್ಟಕ್ಕೇ ಸಮಾಂತರ ಆಗುವುದಿಲ್ಲ. ಡಿ ಬಿಂದು ಎಬಿಯ ಮೇಲ್ಗಡೆ 3 ಸೆಂ.ಮೀ ದೂರದಲ್ಲಿ, ಸಿ ಬಿಂದು ಕೆಳಗಡೆ 3 ಸೆಂ.ಮೀ ದೂರದಲ್ಲಿ ಇದ್ದರೂ ವಿಸ್ತೀರ್ಣ ಸಮವೇ. ಆಗ ಡಿಸಿ ರೇಖೆ ಎಬಿಯನ್ನು ಕತ್ತರಿಸಿಕೊಂಡು ಹೋಗುತ್ತದೆ. "ಎಬಿಯ ಒಂದೇ ಬದಿಯಲ್ಲಿ" ಎಂಬ ಮಾತು ಬೇಕೇ ಬೇಕು. ಯೂಕ್ಲಿಡ್‌ನ ಎಲಿಮೆಂಟ್ಸ್ ಮೊದಲ ಪುಸ್ತಕದ 39ನೇ ಪ್ರಮೇಯ ಇದೇ, ಅದರ ಹೇಳಿಕೆಯಲ್ಲೂ "ಒಂದೇ ಬದಿಯಲ್ಲಿ" ಅನ್ನುವ ಷರತ್ತು ಇದೆ.

ಇಲ್ಲಿ ಒಂದೇ ಬದಿಯಲ್ಲಿವೆ ಎಂದು ತೋರಿಸುವುದು ಕಷ್ಟವಲ್ಲ. ಓ ಬಿಂದು ಬಿ ಮತ್ತು ಡಿ ನಡುವೆ ಇದೆ, ಹಾಗಾಗಿ ಎಬಿಯ ಯಾವ ಬದಿಗೆ ಓ ಇದೆಯೋ ಆ ಬದಿಗೇ ಡಿ. ಓ ಬಿಂದು ಎ ಮತ್ತು ಸಿ ನಡುವೆಯೂ ಇದೆ, ಹಾಗಾಗಿ ಸಿ ಕೂಡ ಆ ಬದಿಗೇ. ಕರ್ಣಗಳು ಚತುರ್ಭುಜದ ಒಳಗೆ ಛೇದಿಸುತ್ತವೆ ಅನ್ನುವುದನ್ನು ಬಳಸಿದ್ದು ಇಲ್ಲಿ.

ಇನ್ನೊಂದು: "ಕೋನ ಸಮ, ಬಾಹುಗಳ ಗುಣಲಬ್ಧ ಸಮ, ಆದ್ದರಿಂದ ವಿಸ್ತೀರ್ಣ ಸಮ" ಎನ್ನುವುದಕ್ಕೆ ಪಿಯುಸಿಯವರು ಸೈನ್ ಸೂತ್ರ ಹಾಕಿಬಿಡುತ್ತಾರೆ. ಹತ್ತನೆಯವರು ಅದಿಲ್ಲದೆ ಮಾಡಬೇಕು. ಎಯಿಂದಲೂ ಸಿಯಿಂದಲೂ ಬಿಡಿಗೆ ಲಂಬ ಎಳೆಯಿರಿ, ಎಂ ಮತ್ತು ಎನ್ ಎನ್ನೋಣ. △ಎಎಂಓ ~ △ಸಿಎನ್‌ಓ (ಕೋ.ಕೋ., ಅಂದರೆ ಎರಡು ಕೋನ ಸಮ), ಆದ್ದರಿಂದ ಎಎಂ/ಸಿಎನ್ = ಎಓ/ಸಿಓ. ದತ್ತದಿಂದ ಇದು ಬಿಓ/ಡಿಓಗೆ ಸಮ. ಅಡ್ಡ ಗುಣಾಕಾರದಿಂದ ಡಿಓ × ಎಎಂ = ಬಿಓ × ಸಿಎನ್. ಅರ್ಧದಿಂದ ಗುಣಿಸಿದರೆ ಎಡಗಡೆ △ಎಓಡಿಯ ವಿಸ್ತೀರ್ಣ, ಬಲಗಡೆ △ಬಿಓಸಿಯದು. ಕರ್ಣಗಳು ಲಂಬವಾಗಿ ಛೇದಿಸಿದರೆ ಮಾತ್ರ ಎಂ, ಎನ್ ಎರಡೂ ಓ ಮೇಲೇ ಬಂದು ಆ ತ್ರಿಭುಜಗಳು ಇಲ್ಲವಾಗುತ್ತವೆ. ಆಗ ಎಎಂ = ಎಓ, ಸಿಎನ್ = ಸಿಓ, ನೇರವಾಗಿಯೇ ಬರುತ್ತದೆ. ಸಮರೂಪತೆ ಹೇಗೂ ಬಂದೇ ಬಂತು ನೋಡು. ಹಾಗಾಗಿ ಹೋಂವರ್ಕಿಗೆ ಈ ದಾರಿ ಲಾಭವಿಲ್ಲ, ತಿಳಿದಿರಲಿ ಅಷ್ಟೇ.

3ನೇ ಪ್ರಶ್ನೆಗೆ: ಪ್ರಶ್ನೆಯಲ್ಲಿ ದಾರಿ ಹೇಳಿಲ್ಲದಿದ್ದರೆ ಬಾ.ಕೋ.ಬಾ. ಸಾಧನೆ ಬರೆ. ರಚನೆ ಇಲ್ಲ, ಎಡವುವ ಜಾಗ ಕಡಿಮೆ. ಆದರೆ ಈ ಲೆಕ್ಕ ಅಭ್ಯಾಸದಲ್ಲಿ ಬರುವುದು ಥೇಲ್ಸ್ ಪ್ರಮೇಯದ ಕೆಳಗೆ, ಸಮರೂಪತೆಯ ನಿರ್ಧಾರಕ ಗುಣಗಳನ್ನು ಕಲಿಸುವ ಮೊದಲೇ. ತರಗತಿಯಲ್ಲಿ ಇನ್ನೂ ಬಾ.ಕೋ.ಬಾ. ಸಮರೂಪತೆ ಆಗಿಲ್ಲದಿದ್ದರೆ ಹೋಂವರ್ಕಿನಲ್ಲಿ ಅದನ್ನು ಬಳಸಬೇಡ, ಇಓ ಎಳೆದೇ ಮಾಡು. "ಥೇಲ್ಸ್ ಪ್ರಮೇಯದ ಸಹಾಯದಿಂದ" ಅಂತ ಪ್ರಶ್ನೆಯಲ್ಲೇ ಇದ್ದರಂತೂ ಬೇರೆ ದಾರಿ ಇಲ್ಲ. ಚಿತ್ರ, ದತ್ತ, ಸಾಧನೀಯ, ರಚನೆ ಇವಕ್ಕೆ ಸಾಮಾನ್ಯವಾಗಿ ಅರ್ಧರ್ಧ ಅಂಕ ಸಿಗುತ್ತದೆ. ಸಾಧನೆ ಕೈಕೊಟ್ಟರೂ ಇವನ್ನು ಖಾಲಿ ಬಿಡಬೇಡ. ಮತ್ತೆ ಇಓ ರೇಖೆಯನ್ನು ಚುಕ್ಕೆ ಗೆರೆಯಲ್ಲಿ ಎಳೆ. ಅದು ದತ್ತದ ಭಾಗವಲ್ಲ, ನಾವು ತಂದದ್ದು ಅಂತ ನೋಡುವವರಿಗೂ ಗೊತ್ತಾಗಬೇಕು, ನಿನಗೂ ಮರೆಯಬಾರದು.

---

ಹಳೇ_ಸ್ಲೇಟು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇಓ ರೇಖೆಯ ಮಾತು ಬಂದಿದ್ದಕ್ಕೆ ನೆನಪಾಯಿತು. ಎರಡನೇ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಇದೇ ಚಿತ್ರ ಬಿದಿರಿನ ರೂಪದಲ್ಲಿ ಬರುತ್ತದೆ. 15 ಮತ್ತು 10 ಹಸ್ತ ಎತ್ತರದ ಎರಡು ಬಿದಿರು ನೆಟ್ಟಗೆ ನಿಂತಿವೆ. ಒಂದೊಂದರ ತುದಿಯಿಂದ ಇನ್ನೊಂದರ ಬುಡಕ್ಕೆ ದಾರ ಕಟ್ಟಿದೆ. ದಾರಗಳು ಕೂಡುವ ಜಾಗ ನೆಲದಿಂದ ಎಷ್ಟು ಎತ್ತರ? ಉತ್ತರ 6 ಹಸ್ತ.

ನಿಮ್ಮ ತ್ರಾಪಿಜ್ಯವನ್ನು ಪಕ್ಕಕ್ಕೆ ಉರುಳಿಸಿ. ಎಡಿ ನೆಲ, ಎಬಿ 15 ಹಸ್ತದ ಬಿದಿರು, ಡಿಸಿ 10 ಹಸ್ತದ್ದು, ಎಸಿ ಮತ್ತು ಬಿಡಿ ದಾರಗಳು, ಇಓ ಕೇಳಿದ ಎತ್ತರ. △ಎಬಿಡಿಯಲ್ಲಿ ಇಓ/ಎಬಿ = ಡಿಇ/ಡಿಎ. △ಎಡಿಸಿಯಲ್ಲಿ ಇಓ/ಡಿಸಿ = ಎಇ/ಎಡಿ. ಎರಡನ್ನೂ ಕೂಡಿದರೆ ಬಲಗಡೆ ಡಿಇ, ಎಇ ಸೇರಿ ಎಡಿಯೇ ಆಗಿ 1 ಬರುತ್ತದೆ. ಇಓ/15 + ಇಓ/10 = 1, ಆದ್ದರಿಂದ ಇಓ = 150/25 = 6. ಬಿದಿರುಗಳ ನಡುವಿನ ದೂರವನ್ನು ಯಾರೂ ಕೇಳಲಿಲ್ಲ ನೋಡಿ. ಅದು 5 ಹಸ್ತವಾಗಲಿ 50 ಆಗಲಿ, ಗಂಟು ಬೀಳುವುದು 6ರಲ್ಲೇ.

---

ಹತ್ತನೇ_ಬಿ_ಸೆಕ್ಷನ್

ಬಿದಿರಿನ ಲೆಕ್ಕ ಸೂಪರ್. ನಮ್ಮಲ್ಲಿ ಬಾ.ಕೋ.ಬಾ. ಸಮರೂಪತೆ ಇನ್ನೂ ಆಗಿಲ್ಲ, ಹಾಗಾಗಿ ಇಓ ದಾರಿಯಲ್ಲೇ ಮತ್ತೆ ಬರೆದಿದ್ದೇನೆ. ಚಿತ್ರ 4, 6, 2, 3 ಅಳತೆಯ ಸೊಟ್ಟ ಚಿತ್ರವೇ. ದತ್ತ, ಸಾಧನೀಯ ಮೊದಲಿನಂತೆ.

ರಚನೆ: ಓ ಮೂಲಕ ಇಓ ∥ ಎಬಿ ಎಳೆದಿದೆ. ಇ ಬಿಂದು ಎಡಿ ಮೇಲಿದೆ.
△ಎಬಿಡಿಯಲ್ಲಿ ಇಓ ∥ ಎಬಿ ∴ ಎಇ/ಇಡಿ = ಬಿಓ/ಓಡಿ (ಥೇಲ್ಸ್ ಪ್ರಮೇಯ) ... (1)
ಎಓ/ಬಿಓ = ಸಿಓ/ಡಿಓ ∴ ಎಓ/ಓಸಿ = ಬಿಓ/ಓಡಿ (ದತ್ತ) ... (2)
(1), (2) ರಿಂದ ಎಇ/ಇಡಿ = ಎಓ/ಓಸಿ
∴ ಇಓ ∥ ಡಿಸಿ (ಥೇಲ್ಸ್ ಪ್ರಮೇಯದ ವಿಲೋಮ)
∴ ಎಬಿ ∥ ಡಿಸಿ. ಎಬಿಸಿಡಿ ತ್ರಾಪಿಜ್ಯ.

ಬೆರಳು ಮುಚ್ಚಿ ನೋಡಿದೆ ಸರ್. ದತ್ತ ಇಲ್ಲದಿದ್ದರೆ (2)ರಲ್ಲೇ ನಿಂತುಹೋಗುತ್ತದೆ.

---

ಕೈವಾರ

ಸರಿಯಾಗಿದೆ. ಎರಡು ಕಡೆ ತುಂಬಿಸು. ವಿಲೋಮ ಬಳಸಿದ ಸಾಲಿನ ಮುಂದೆ "△ಎಡಿಸಿಯಲ್ಲಿ" ಅಂತ ಬೇಕು, ಯಾವ ತ್ರಿಭುಜಕ್ಕೆ ಹಚ್ಚಿದ್ದೀ ಅಂತ ಹೇಳದಿದ್ದರೆ ಕಾರಣ ಅರ್ಧವಾಯಿತು. ಕೊನೆ ಸಾಲಿಗೆ ಕಾರಣವೇ ಇಲ್ಲ: "ಇಓ ∥ ಎಬಿ, ಇಓ ∥ ಡಿಸಿ" ಅಂತ ಎರಡನ್ನೂ ಎದುರಿಗಿಟ್ಟು ಆಮೇಲೆ ∴ ಹಾಕು. ಗೆಳತಿಗೂ ಹೇಳು: ಅವಳ ಸಾಧನೆಯಲ್ಲಿ △ಡಿಓಸಿ ಇರುವ ಕಡೆಯೆಲ್ಲ △ಸಿಓಡಿ ಮಾಡಿ, ಆ ಎರಡು ಅಕ್ಷರದ ಹಿಂದೆ ಬರುವ ಅನುಪಾತವನ್ನೂ ಕೋನವನ್ನೂ ತಿದ್ದಿದರೆ ಹೊಸದಾಗಿ ಬರೆಯುವ ಕೆಲಸವೇ ಇಲ್ಲ.